ಹದಿನಾರಾಣೆಯ ಸರಪಳಿ

ಜರ್ಮನಿಯ ಎರ್ಲಾಂಗನ್ ಪಕ್ಕದ ಒಂದು ಹಳ್ಳಿಯಲ್ಲಿ ನನ್ನ ಮಗಳು, ಅಳಿಯ ಹಿತ್ತಿಲು ಸಮೇತ ಹಳೆಯ ಮನೆಯೊಂದನ್ನು ಕೊಂಡರು. ಹಿತ್ತಿಲ ಮೂಲೆಯ ಸೇಬಿನ ಮರ ನಮ್ಮದೋ ಪಕ್ಕದವರದೋ ಎಂಬ ತಕರಾರು ಮಾರನೆಯ ಬೇಸಿಗೆಯಲ್ಲೇ ಹುಟ್ಟಿತು. ನಾನಾಗ ಅಲ್ಲೇ ಇದ್ದೆ. ಮೂವತ್ತಮೂರು ವರ್ಷ ಮಲೆನಾಡಿನ ತೋಟ, ಗದ್ದೆ, ಬ್ಯಾಣಗಳಲ್ಲಿ ಸರ್ವೆ ಮಾಡಿ ನಿವೃತ್ತನಾದವನು ನಾನು. ಕೋಟೆ, ಚರ್ಚು, ಮ್ಯೂಸಿಯಂ ಎಂದು ಅವರು ಹಾಕಿಕೊಟ್ಟಿದ್ದ ಪಟ್ಟಿಯೆಲ್ಲ ಈ ಹದ್ದಿನ ಜಗಳದ ಮುಂದೆ ಸಪ್ಪೆಯಾಯಿತು.

“ಒಬ್ಬ ಲೈಸೆನ್ಸ್ ಸರ್ವೇಯರನ್ನ ಕರೆಸು, ಅರ್ಧ ದಿನದ ಕೆಲಸ” ಅಂದೆ.

“ಇಲ್ಲಿ ಅಂಥವರಿಲ್ಲವಂತೆ ಅಪ್ಪ. ಬವೇರಿಯಾದಲ್ಲಿ ಸರ್ಕಾರದ ಕಚೇರಿಯವರೇ ಬಂದು ಅಳೀಬೇಕಂತೆ” ಎಂದಳು ಮಗಳು.

ನಿಜವೇ. ಜರ್ಮನಿಯ ಉಳಿದ ರಾಜ್ಯಗಳಲ್ಲಿ ಸರ್ಕಾರದಿಂದ ನೇಮಕಗೊಂಡು, ಪ್ರಮಾಣ ಸ್ವೀಕರಿಸಿ, ಸ್ವಂತ ಕಚೇರಿ ತೆರೆದು ಹದ್ದು ಅಳೆಯುವ ಎಂಜಿನಿಯರುಗಳಿದ್ದಾರೆ. ಅವರ ಹುದ್ದೆಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲಾಗುವುದಿಲ್ಲ. ಹಾಗಾಗಿ ಎಲ್ಲರೂ ಅದನ್ನು ಮೊಟಕುಮಾಡಿ ಓಬಿವಿ ಎನ್ನುತ್ತಾರೆ. ಬವೇರಿಯಾ ಮಾತ್ರ ಆ ಕೆಲಸವನ್ನು ಖಾಸಗಿಯವರ ಕೈಗೆ ಬಿಟ್ಟಿಲ್ಲ.

ಗೊತ್ತಾದ ದಿನ ಮೂವರು ಬಂದರು. ಒಬ್ಬ ಅಧಿಕಾರಿ, ಪ್ರಿಸಂ ಕೂರಿಸಿದ ಕೋಲು ಹಿಡಿದ ಹದಿನೆಂಟು ಹತ್ತೊಂಬತ್ತರ ಹುಡುಗಿ, ಮತ್ತೆ ಅದೇ ಊರಿನ, ಎಪ್ಪತ್ತು ದಾಟಿದ ಒಬ್ಬ ಅಜ್ಜ. ಅಜ್ಜನ ಕೈಯಲ್ಲಿ ಸಲಿಕೆ ಇತ್ತು. ನಮ್ಮ ಕಡೆ ಸರ್ವೆಗೆ ಹೋದಾಗ ತಳವಾರನೋ ತೋಟಿಯೋ ಜೊತೆಗೆ ಬರುತ್ತಿದ್ದ ಹಾಗೆ ಇವರೂ ಬಂದಿದ್ದಾರೆ ಎಂದುಕೊಂಡೆ. ತಪ್ಪು ತಿಳಿದಿದ್ದೆ. ಅಧಿಕಾರಿಯೇ ಮೊದಲು ಅಜ್ಜನ ಕೈ ಕುಲುಕಿ, ಕಲ್ಲು ಎಲ್ಲಿದ್ದಿರಬಹುದೆಂದು ಅವರನ್ನೇ ಕೇಳಿದ.

ಅಜ್ಜ ಆ ಊರಿನ ‘ಜೀಬೆನರ್’. ಜೀಬೆನ್ ಎಂದರೆ ಏಳು. ಫ್ರಾಂಕೋನಿಯಾ ಸೀಮೆಯ ಹಳ್ಳಿಗಳಲ್ಲಿ ಗಡಿಕಲ್ಲಿನ ಉಸ್ತುವಾರಿಗೆ ಏಳು ಜನರನ್ನು ಆರಿಸುವ ಪದ್ಧತಿ ಶತಮಾನಗಳಿಂದ ಇದೆ. ಒಬ್ಬರು ತೀರಿಕೊಂಡರೆ ಉಳಿದವರು ಸೇರಿ ಇನ್ನೊಬ್ಬರನ್ನು ಆರಿಸುತ್ತಾರೆ. ಸಾಯುವ ತನಕ ಹುದ್ದೆ. ಕಾಗದಪತ್ರದಲ್ಲಿ ಅವರ ಹೆಸರು ‘ಫೆಲ್ಡ್‌ಗೆಶ್ವೋರೆನೆ’, ಅಂದರೆ ಹೊಲದ ಮೇಲೆ ಆಣೆಯಿಟ್ಟವರು. ಇವತ್ತಿಗೂ ಬವೇರಿಯಾದಲ್ಲಿ ಇಂಥವರು 20 ಸಾವಿರಕ್ಕೂ ಮೀರಿ ಇದ್ದಾರೆ. 2016ರಲ್ಲಿ ಈ ಪದ್ಧತಿಯನ್ನು ಜರ್ಮನಿಯ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿಸಿದರು. ಗಡಿಕಲ್ಲು ನೆಡುವ ಮೊದಲು ಇವರು ಗುಂಡಿಯ ತಳದಲ್ಲಿ ಸುಟ್ಟ ಮಣ್ಣಿನದೋ, ಪಿಂಗಾಣಿಯದೋ, ಗಾಜಿನದೋ ಕೆಲವು ಚೂರುಗಳನ್ನು ತಮಗಷ್ಟೇ ತಿಳಿದ ಕ್ರಮದಲ್ಲಿ ಇಡುತ್ತಾರೆ. ರಾತ್ರಿ ಯಾರಾದರೂ ಕಲ್ಲು ಕಿತ್ತು ನಾಲ್ಕಡಿ ಆಚೆ ನೆಟ್ಟರೂ ಅಡಿಯ ಗುರುತು ಕಿತ್ತವರಿಗೆ ತಿಳಿಯದು. ಆ ಗುಟ್ಟನ್ನು ಹೆಂಡತಿಗೂ ಹೇಳುವಂತಿಲ್ಲ, ಗೋರಿಗೇ ಒಯ್ಯಬೇಕು.

ಇವರಿಗೆ ಶಾಲೆಯಿರಲಿಲ್ಲ, ಪರೀಕ್ಷೆಯಿರಲಿಲ್ಲ. ಗಡಿ ತಿರುಗುವುದೇ ತರಬೇತಿ. ಹಳೆಯ ಕಾಲದಲ್ಲಿ ಊರಿನ ದೊಡ್ಡವರು ಗಡಿ ಸುತ್ತುವಾಗ ಗಂಡುಹುಡುಗರನ್ನೂ ಕರೆದೊಯ್ದು, ಒಂದೊಂದು ಕಲ್ಲಿನ ಬಳಿ ಕೆನ್ನೆಗೆ ಒಂದು ಬಿಗಿಯುತ್ತಿದ್ದರು, ಇಲ್ಲವೇ ಕಿವಿ ಹಿಂಡುತ್ತಿದ್ದರು. ಏಟು ತಿಂದ ಜಾಗ ಮುದುಕನಾದರೂ ಮರೆಯುವುದಿಲ್ಲವಲ್ಲ! ಹೆಸ್ಸೆ ರಾಜ್ಯದ ಬೀಡೆನ್‌ಕೋಫ್ ಊರಿನಲ್ಲಿ ಏಳು ವರ್ಷಕ್ಕೊಮ್ಮೆ ಗಡಿ ಸುತ್ತುವ ಜಾತ್ರೆ ಈಗಲೂ ನಡೆಯುತ್ತದೆ. ಅಲ್ಲಿ ಹೊಡೆಯುವುದಿಲ್ಲ, ಜನರನ್ನು ಎತ್ತಿ ಗಡಿಕಲ್ಲಿನ ಮೇಲೆ ಕುಕ್ಕುತ್ತಾರೆ.

ಕಲ್ಲಿನ ಕಥೆ ಇದಾದರೆ, ಅಳತೆಗೋಲು ಹುಟ್ಟಿದ್ದಾದರೂ ಹೇಗೆ? ಓಪೆನ್‌ಹೈಮ್ ಪಟ್ಟಣದಲ್ಲಿ ಗುಮಾಸ್ತನಾಗಿದ್ದ ಯಾಕೋಬ್ ಕ್ಯೋಬೆಲ್ 16ನೇ ಶತಮಾನದಲ್ಲಿ ಬರೆದ ರೇಖಾಗಣಿತದ ಪುಸ್ತಕದಲ್ಲಿ ಅದರ ಚಿತ್ರವೇ ಇದೆ. ಭಾನುವಾರ ಚರ್ಚಿನಿಂದ ಹೊರಬರುವ ಹದಿನಾರು ಗಂಡಸರನ್ನು, ಕುಳ್ಳನಿರಲಿ ಉದ್ದದವನಿರಲಿ, ಬಂದ ಬಂದವರನ್ನೇ ನಿಲ್ಲಿಸಬೇಕು. ಒಬ್ಬನ ಪಾದದ ಹಿಂದೆ ಇನ್ನೊಬ್ಬನ ಪಾದ. ಹದಿನಾರು ಪಾದ ಸೇರಿದರೆ ಒಂದು ‘ರೂಟೆ’, ಆ ಊರಿನ ನ್ಯಾಯವಾದ ಅಳತೆಗೋಲು. ಅದನ್ನು ಹದಿನಾರು ಮಾಡಿದರೆ ಒಂದು ಅಡಿ. ಯಾರ ಪಾದವೂ ಅಲ್ಲದ, ಎಲ್ಲರ ಪಾದವೂ ಆದ ಅಡಿ! ಸರಾಸರಿ ಎಂಬ ಮಾತು ಗಣಿತದವರಿಗಿಂತ ಮುಂಚೆ ಚರ್ಚಿನ ಅಂಗಳಕ್ಕೆ ಗೊತ್ತಿತ್ತು ಅನ್ನಿಸುತ್ತದೆ.

ಅಳಿಯ ಆ ಚಿತ್ರ ತೋರಿಸಿದಾಗ ನನ್ನ ಮೈ ಜುಮ್ಮೆಂದಿತು. ಯಾಕೆಂದರೆ ನಾನು ಕಲಿತ ಸರಪಳಿಯಲ್ಲೂ ಹದಿನಾರೇ ಭಾಗ. 33 ಅಡಿ ಉದ್ದ, ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಹಳೆಯ ಟಿಪ್ಪಣಿಗಳಲ್ಲಿ ಅಳತೆ ಇರುವುದು ಸರಪಳಿ, ಆಣೆಗಳಲ್ಲೇ. ನಮ್ಮ ಭಾಷೆಯ ಚೆಲುವು ನೋಡಿ: ಅಳತೆಯ ತುಂಡಿಗೂ ಆಣೆ, ದೇವರ ಮುಂದೆ ಇಡುವುದೂ ಆಣೆ. ಪ್ರಮಾಣ ಎಂದರೂ ಹಾಗೆಯೇ, ಅಳತೆಯೂ ಹೌದು, ಶಪಥವೂ ಹೌದು. ಹದಿನಾರಾಣೆ ಸತ್ಯ ಎನ್ನುವುದು ಸರಪಳಿಯಿಂದಲ್ಲ, ರೂಪಾಯಿಯಿಂದ ಬಂದ ಮಾತೆಂದು ಗೊತ್ತು. ಆದರೂ ಸರ್ವೆಯವನ ಕಿವಿಗೆ ಅದು ಸರಪಳಿಯ ಸದ್ದಾಗಿಯೇ ಕೇಳುತ್ತದೆ.

ನನಗೆ ಸರಪಳಿ ಹಿಡಿಸಿದವರು ಒಬ್ಬ ಹಿರಿಯ ಸರ್ವೇಯರು. ದಿನಾ ಬೆಳಿಗ್ಗೆ ಅಳತೆ ಶುರುಮಾಡುವ ಮೊದಲು ಸರಪಳಿಯನ್ನೇ ಅಳೆಯಬೇಕು ಎಂಬುದು ಅವರ ಮೊದಲ ಪಾಠ. ಎಳೆದೆಳೆದು ಕೊಂಡಿ ಸವೆದರೆ ಸರಪಳಿ ಹಿಗ್ಗುತ್ತದೆ. ಸರಪಳಿ ಹಿಗ್ಗಿದರೆ ಭೂಮಿ ಕುಗ್ಗುತ್ತದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಮಳೆ ಬರುವ ಅವಸರದಲ್ಲಿ ಒಂದು ಬೆಳಿಗ್ಗೆ ಇದನ್ನು ಬಿಟ್ಟೆ. ಟಿಪ್ಪಣಿಯ ಅಳತೆ ಹಿಡಿದು ಒಂದು ಅಡಿಕೆ ತೋಟದ ಮೂಲೆಯಲ್ಲಿ ಬಾಂದು ಕಲ್ಲು ನೆಟ್ಟೆ. ಹಿಗ್ಗಿದ ಸರಪಳಿ ಕಲ್ಲನ್ನು ಮೂರಡಿ ಆಚೆ ತಳ್ಳಿತ್ತು, ಪಕ್ಕದವರ ಬಾಳೆಯ ಸಾಲಿನೊಳಕ್ಕೆ. ರಾತ್ರಿ ಲೆಕ್ಕ ಕೂಡದೆ ಸಂಶಯ ಬಂದು ಮರುದಿನ ಓಡಿದೆ. ಬಾಳೆ ಕಳೆದುಕೊಂಡ ಮನೆಯ ಅಮ್ಮ, “ಸರ್ಕಾರದವರು ನೆಟ್ಟ ಮೇಲೆ ಮುಗೀತಲ್ಲ ಸ್ವಾಮೀ” ಎಂದು ಆಗಲೇ ಗೊನೆ ಕಡಿದು ಒಳಗಿಟ್ಟಿದ್ದರು. ನಾನು ಕಲ್ಲು ಕಿತ್ತು ಹಿಂದೆ ನೆಟ್ಟಾಗಲೂ ಅದೇ ಮಾತು ಹೇಳಿದರು. ತಪ್ಪನ್ನೂ ಸರಿಯನ್ನೂ ಅಷ್ಟೇ ನಂಬಿಕೆಯಿಂದ ಒಪ್ಪಿಕೊಂಡ ಆ ಹೆಂಗಸಿನ ಮುಖ ನನಗೆ ಕೆನ್ನೆಯೇಟಿನ ಹಾಗೆ ಉಳಿದುಬಿಟ್ಟಿದೆ.

ಹಾಗಾಗಿ ಸರ್ವೇಯರನನ್ನು ತಯಾರು ಮಾಡುವುದೆಂದರೆ ಅಳೆಯಲು ಕಲಿಸುವುದಷ್ಟೇ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಜರ್ಮನಿಯ ಕಥೆಯಲ್ಲಿ ನನಗೆ ಹಿಡಿಸಿದ್ದೂ ಇದೇ. ಅಲ್ಲಿ ಮೊದಲು ಬಂದದ್ದು ಆಣೆ, ಶಾಲೆ ಬಹಳ ಹಿಂದಿನಿಂದ ಏದುಸಿರು ಬಿಡುತ್ತ ಬಂತು.

ಗಣಿತವೇನೂ ಕಡಿಮೆಯಿರಲಿಲ್ಲ. ಬ್ರಿಟಿಷ್ ಸರ್ವೇಯರ್ ಲ್ಯಾಂಬ್ಟನ್ 1800ರಲ್ಲಿ ನಮ್ಮ ಬೆಂಗಳೂರಿನ ಬಯಲಿನಲ್ಲಿ ಆಧಾರರೇಖೆ ಅಳೆದ. ಮರುವರ್ಷವೇ ಮ್ಯೂನಿಕ್ಕಿನ ಹೊರವಲಯದಲ್ಲಿ ಫ್ರೆಂಚರು ಮರದ ಕೋಲುಗಳನ್ನು ತುದಿಗೆ ತುದಿ ಜೋಡಿಸುತ್ತ 21.6 ಕಿಲೋಮೀಟರಿನ ರೇಖೆ ಅಳೆದರು. ಬವೇರಿಯಾದ ಅಳತೆಗೆಲ್ಲ ಮ್ಯೂನಿಕ್ಕಿನ ಫ್ರೌಎನ್‌ಕಿರ್ಖೆ ಚರ್ಚಿನ ಉತ್ತರ ಗೋಪುರವೇ ಶೂನ್ಯಬಿಂದುವಾಯಿತು. 1821ರಿಂದ ಕಾರ್ಲ್ ಫ್ರೀಡ್ರಿಖ್ ಗೌಸ್ ಹ್ಯಾನೋವರ್ ರಾಜ್ಯದ ಬೆಟ್ಟಗುಡ್ಡ ಹತ್ತಿ ತ್ರಿಕೋನ ಕಟ್ಟುತ್ತ ಹೋದ. ಬಿಸಿಲನ್ನು ಕನ್ನಡಿಯಿಂದ ಹತ್ತಾರು ಮೈಲಿ ದೂರಕ್ಕೆ ಹಾಯಿಸುವ ಹೆಲಿಯೋಟ್ರೋಪ್ ಅವನದೇ ಕಲ್ಪನೆ. ಹಳೆಯ ಹತ್ತು ಮಾರ್ಕಿನ ನೋಟಿನ ಮುಂದೆ ಅವನ ಮುಖ, ಹಿಂದೆ ಅವನ ಉಪಕರಣ ಮತ್ತು ತ್ರಿಕೋನಗಳ ಜಾಲ. ಸರ್ವೆಯವನನ್ನು ನೋಟಿನ ಮೇಲೆ ಕೂರಿಸಿದ ದೇಶ ಎಂದು ಆ ನೋಟೊಂದನ್ನು ಸಂತೆಯಲ್ಲಿ ಹುಡುಕಿ ಕೊಂಡೆ, ಪರ್ಸಿನಲ್ಲಿದೆ.

ಆದರೆ ಗೌಸ್ ಅಳೆದದ್ದು ರಾಜ್ಯವನ್ನು. ರೈತನ ಹೊಲ ಅಳೆಯಲು ಬರುತ್ತಿದ್ದವನು ‘ಫೆಲ್ಡ್‌ಮೆಸ್ಸರ್’. ಅವನು ಕಲಿಯುತ್ತಿದ್ದುದು ಇನ್ನೊಬ್ಬ ಫೆಲ್ಡ್‌ಮೆಸ್ಸರನ ಹಿಂದೆ ಕೋಲು ಹೊತ್ತುಕೊಂಡು. ಪ್ರಷ್ಯಾ 1813ರಲ್ಲಿ ಇವರಿಗೊಂದು ನಿಯಮಾವಳಿ ಮಾಡಿತು. 1861ರಲ್ಲಿ ಭೂತೆರಿಗೆ ಕಾಯಿದೆ ಬಂತು, 1865ರ ಹೊತ್ತಿಗೆ ಇಡೀ ರಾಜ್ಯದ ತೆರಿಗೆ ಲೆಕ್ಕ ಸಿದ್ಧವಾಗಬೇಕೆಂದು ಹುಕುಂ ಆಯಿತು. ನಾಲ್ಕು ವರ್ಷದಲ್ಲಿ ಅಷ್ಟು ಭೂಮಿ! ಮಾರ್ಚಿ ತಿಂಗಳ ಗುರಿ ಮುಟ್ಟಿಸಲು ಒದ್ದಾಡಿದ ಯಾವ ಸರ್ವೇಯರನಿಗೂ ಆ ಅವಸರದ ನಕ್ಷೆಗಳ ಗುಣಮಟ್ಟ ಹೇಳಿಕೊಡಬೇಕಾಗಿಲ್ಲ.

ಇನ್ನು 1869ರ ವೃತ್ತಿ ಕಾಯಿದೆ. ಅದರ 36ನೇ ಕಲಮನ್ನು ಮಗಳಿಂದ ಎರಡು ಸಲ ಓದಿಸಿ ಕೇಳಿದೆ. ಫೆಲ್ಡ್‌ಮೆಸ್ಸರ್ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು, ತಡೆಯಿಲ್ಲ ಎಂದು ಮೊದಲು ಹೇಳುತ್ತದೆ. ಆದರೆ, ಎಂದು ಮುಂದುವರಿದು, ಅಧಿಕಾರಿಗಳು ಬೇಕಾದವರಿಂದ ಪ್ರಮಾಣ ಮಾಡಿಸಿ ಅವರನ್ನು ಸಾರ್ವಜನಿಕವಾಗಿ ನೇಮಿಸಬಹುದು ಎನ್ನುತ್ತದೆ. ಅಳೆಯುವ ಸ್ವಾತಂತ್ರ್ಯ ಎಲ್ಲರಿಗೂ ಇತ್ತು. ಆಣೆಯಿಟ್ಟವನ ಮಾತಿನ ತೂಕವೇ ಬೇರೆ. ಇವತ್ತಿನ ಪರವಾನಗಿಯ ಬೀಜ ಇಲ್ಲಿದೆ.

ಎರಡೇ ವರ್ಷಕ್ಕೆ, 1871ರಲ್ಲಿ, ಕೋಬುರ್ಗ್‌ನಲ್ಲಿ ಸರ್ವೇಯರುಗಳ ಸಂಘ ಹುಟ್ಟಿತು. ನಮಗೆ ಸರಿಯಾದ ವಿದ್ಯಾಭ್ಯಾಸ ಕೊಡಿ ಎಂಬುದು ಅವರ ದೊಡ್ಡ ಕೂಗು. ಅವರ ಪತ್ರಿಕೆಯನ್ನು ನಡೆಸಿದವರಲ್ಲಿ ವಿಲ್ಹೆಲ್ಮ್ ಯೋರ್ಡಾನ್ ಒಬ್ಬ. ಎಂಜಿನಿಯರಿಂಗ್ ಓದುವ ನಮ್ಮ ಮಕ್ಕಳು ಗೌಸ್-ಜೋರ್ಡಾನ್ ವಿಧಾನ ಎಂದು ಉರು ಹೊಡೆಯುವ ಹೆಸರಿನ ಎರಡನೆಯ ಅರ್ಧ ಇವನೇ, ಸರ್ವೆಯ ಮೇಷ್ಟ್ರು. ಕೊನೆಗೆ 1882ರಲ್ಲಿ ಪ್ರಷ್ಯಾ ಹೊಸ ಪರೀಕ್ಷಾ ನಿಯಮ ತಂದಿತು. ಪ್ರೌಢಶಾಲೆಯ ಮೇಲಿನ ತರಗತಿವರೆಗೆ ಓದಿರಬೇಕು, ಪ್ರಮಾಣ ಸ್ವೀಕರಿಸಿದ ಸರ್ವೇಯರನ ಕೈಕೆಳಗೆ ಒಂದು ವರ್ಷ ದುಡಿದಿರಬೇಕು, ಆಮೇಲೆ ಎರಡು ವರ್ಷ ಬರ್ಲಿನ್ನಿನಲ್ಲೋ ಬಾನ್ ಪಕ್ಕದ ಪೊಪೆಲ್ಸ್‌ಡೋರ್ಫ್‌ನಲ್ಲೋ ಓದಬೇಕು, ಪರೀಕ್ಷೆ ಪಾಸಾಗಬೇಕು.

ಈ ಎರಡೂ ಕೃಷಿ ವಿದ್ಯಾಲಯಗಳು. ಸರ್ವೆ ಕಲಿಯಲು ಕೃಷಿ ಶಾಲೆ ಯಾಕೆ? ರೈನ್ ನದಿಯ ಸೀಮೆಯಲ್ಲಿ ಅಪ್ಪನ ಆಸ್ತಿ ಮಕ್ಕಳಿಗೆಲ್ಲ ಸಮಪಾಲು. ನಾಲ್ಕು ತಲೆಮಾರಿನಲ್ಲಿ ಹೊಲಗಳು ರಿಬ್ಬನ್ನಿನಂತೆ ಸೀಳಿಹೋಗಿದ್ದವು, ನಮ್ಮ ಪಾಲುಪಟ್ಟಿಯ ಗದ್ದೆಗಳ ಹಾಗೇ. ಅವನ್ನು ಒಟ್ಟುಗೂಡಿಸಿ ಮರುಹಂಚಬೇಕಾದರೆ ಅಳೆಯುವವನಿಗೆ ಮಣ್ಣಿನ ಗುಣ, ನೀರಿನ ಹರಿವು, ಬಸಿಗಾಲುವೆ ಎಲ್ಲ ತಿಳಿದಿರಬೇಕು. ಇದು ನನಗೆ ಬಹಳ ಮೆಚ್ಚುಗೆಯಾದ ವಿಷಯ. ಪೋಡಿ ಮಾಡುವಾಗ ತೋಟದ ತಲೆಭಾಗ ಒಬ್ಬನಿಗೆ, ಜೌಗು ಭಾಗ ಇನ್ನೊಬ್ಬನಿಗೆ ಬಿದ್ದು ಗುಂಟೆ ಲೆಕ್ಕ ಮಾತ್ರ ಸರಿಯಾದದ್ದನ್ನು ಎಷ್ಟು ಸಲ ನೋಡಿಲ್ಲ! ಬಾನ್ ವಿಶ್ವವಿದ್ಯಾಲಯ 1934ರಲ್ಲಿ ಪೊಪೆಲ್ಸ್‌ಡೋರ್ಫ್ ಶಾಲೆಯನ್ನು ತನ್ನೊಳಗೆ ಸೇರಿಸಿಕೊಂಡಿತು, ಸರ್ವೆಯ ಪಾಠ ಅಲ್ಲಿ ನಿಂತಿಲ್ಲ.

ನಮ್ಮ ಕಡೆ ಶಾಲೆ ಬೇಗ ಬಂತು ಎಂದರೆ ಅಲ್ಲಿಯವರು ನಂಬಲಿಲ್ಲ. ಮದರಾಸಿನಲ್ಲಿ 1794ರಲ್ಲೇ ಮೈಕೆಲ್ ಟಾಪಿಂಗ್ ಎಂಟು ಹುಡುಗರನ್ನು ಇಟ್ಟುಕೊಂಡು ಸರ್ವೆ ಶಾಲೆ ತೆರೆದಿದ್ದ. ಆ ಶಾಲೆಯ ಹುಡುಗರು ಟಿಪ್ಪು ಸತ್ತ ಮೇಲೆ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಯಲ್ಲಿ ನಮ್ಮ ಕಾಡುಮೇಡು ಅಲೆದಿದ್ದಾರೆ. ಶಾಲೆ ನಮ್ಮಲ್ಲಿ ಮುಂಚೆ ಬಂತು, ಆದರೆ ಕಂಪನಿಯ ಕೆಲಸಕ್ಕೆ. ಊರಿನವರ ಮುಂದೆ ಆಣೆಯಿಡುವ ಪ್ರಶ್ನೆ ಅಲ್ಲಿರಲಿಲ್ಲ.

ಓಬಿವಿ ಎಂಬ ಈಗಿನ ಹುದ್ದೆಗೆ ಇಡೀ ದೇಶಕ್ಕೊಂದೇ ಕಾನೂನು ಬಂದದ್ದು 1938ರ ಜನವರಿಯಲ್ಲಿ, ನಾಜಿಗಳ ಕಾಲದಲ್ಲಿ. ಇದನ್ನು ಜರ್ಮನ್ನರು ಮೆಲುದನಿಯಲ್ಲಿ ಹೇಳುತ್ತಾರೆ. ಯುದ್ಧದ ನಂತರ ರಾಜ್ಯಗಳು ತಮ್ಮ ತಮ್ಮ ಕಾನೂನು ಮಾಡಿಕೊಂಡವು. ಈಗಿನ ದಾರಿ ಉದ್ದ: ಸ್ನಾತಕೋತ್ತರ ಪದವಿಗೆ ಐದು ವರ್ಷ, ಆಮೇಲೆ ರೆಫೆರೆಂಡಾರ್ ಎಂಬ ಹೆಸರಿನಲ್ಲಿ ಸುಮಾರು ಎರಡು ವರ್ಷ ಭೂದಾಖಲೆ, ಜಮೀನು ಮರುಹಂಚಿಕೆ, ನಗರ ಯೋಜನೆ ಎಂದು ಕಚೇರಿಯಿಂದ ಕಚೇರಿಗೆ ಸುತ್ತುವುದು, ಅದರ ಕೊನೆಗೆ ಮಹಾ ರಾಜ್ಯಪರೀಕ್ಷೆ. ಪಾಸಾದರೆ ಅಸ್ಸೆಸ್ಸೋರ್. ಅಷ್ಟಾದ ಮೇಲೂ ಇನ್ನೊಬ್ಬರ ಕಚೇರಿಯಲ್ಲಿ ಪಳಗಿ, ಪ್ರಮಾಣ ಸ್ವೀಕರಿಸಿದರೆ ಸರ್ಕಾರದ ಮುದ್ರೆ ಕೈಗೆ. ಅಷ್ಟು ಬಿಗಿ ಯಾಕೆಂದರೆ 1900ರಲ್ಲಿ ಬಂದ ಅವರ ಸಿವಿಲ್ ಸಂಹಿತೆಯಲ್ಲಿ ಭೂಪುಸ್ತಕ ಹೇಳಿದ್ದನ್ನು ನಂಬಿ ಕೊಂಡವನಿಗೆ ಕಾನೂನೇ ಬೆನ್ನಿಗೆ ನಿಲ್ಲುತ್ತದೆ. ನಮ್ಮ ಪಹಣಿಗೆ 1964ರ ಭೂಕಂದಾಯ ಕಾಯಿದೆಯ 133ನೇ ಕಲಮು ಕೊಡುವ ಬಲ ಅದಕ್ಕಿಂತ ಕಡಿಮೆ: ಸುಳ್ಳೆಂದು ಸಾಬೀತಾಗುವವರೆಗೆ ನಿಜ. ನಮ್ಮಲ್ಲೂ ಈಗ ಪರವಾನಗಿ ಭೂಮಾಪಕರಿದ್ದಾರೆ, 11ಇ ನಕ್ಷೆ ಹೆಚ್ಚಾಗಿ ಅವರದೇ ಕೈಕೆಲಸ. ಚುರುಕಿನ ಹುಡುಗರು. ಆದರೆ ತಿಂಗಳುಗಳಲ್ಲಿ ಎಣಿಸುವ ತರಬೇತಿ ಕೊಟ್ಟು ಅವರನ್ನು ಅಣ್ಣತಮ್ಮಂದಿರ ಜಗಳದ ನಡುವೆ ಬಿಡುವುದು ನನಗೆ ಸರಿಕಾಣುವುದಿಲ್ಲ.

ಪ್ರಿಸಂ ಹಿಡಿದ ಹುಡುಗಿ ಎಂಜಿನಿಯರ್ ಆಗುವವಳಲ್ಲ, ಸರ್ವೆ ತಂತ್ರಜ್ಞೆಯಾಗಲು ಮೂರು ವರ್ಷದ ಶಿಷ್ಯವೃತ್ತಿಯಲ್ಲಿರುವವಳು. ಕೆಲಸದ ಜೊತೆಜೊತೆಗೇ ವೃತ್ತಿಶಾಲೆ. ಏನು ಕಲಿತೆನೆಂದು ಪುಸ್ತಕದಲ್ಲಿ ಬರೆದು ಗುರುವಿನ ಸಹಿ ಪಡೆಯಬೇಕು. ನಾವೂ ತಿಂಗಳ ಡೈರಿ ಬರೆದು ಒಪ್ಪಿಸುತ್ತಿದ್ದೆವೆಂದು ಮಗಳ ಮೂಲಕ ಹೇಳಿಸಿದೆ. “ನೀವು ನಿಜ ಬರೀತಿದ್ರಾ?” ಎಂದು ಕೇಳಿದಳು. ಮಗಳು ಅದನ್ನು ಅನುವಾದಿಸುವಾಗ ನಕ್ಕದ್ದು ಜಾಸ್ತಿ.

ಹನ್ನೊಂದು ಗಂಟೆಗೆ ಹಳೆಯ ಕಲ್ಲಿನ ಬುಡ ಸಿಕ್ಕಿತು, ಮುರಿದು ನೆಲದೊಳಗೆ ಸೇರಿತ್ತು. ಸೇಬಿನ ಮರ ಪಕ್ಕದವರದು. ಹೊಸ ಗ್ರಾನೈಟ್ ಕಲ್ಲು ತಂದಿದ್ದರು. ಉಪಗ್ರಹದಿಂದ ಸೆಂಟಿಮೀಟರಿನ ಲೆಕ್ಕದಲ್ಲಿ ಜಾಗ ಗೊತ್ತಾಗುವ ಈ ಕಾಲದಲ್ಲಿ ಗುಟ್ಟಿನ ಗುರುತು ಬೇಕಿಲ್ಲ. ಆದರೂ ಅಜ್ಜ ಜೇಬಿನಿಂದ ಒಂದು ಬಟ್ಟೆಯ ಚೀಲ ತೆಗೆದು, ಎಲ್ಲರ ಮುಖ ನೋಡಿ, ಕೈ ಬೀಸಿದರು. ಅಧಿಕಾರಿ ಯಂತ್ರದ ಕಡೆ ತಿರುಗಿಕೊಂಡ. ಹುಡುಗಿ ಕೋಲು ಹಿಡಿದು ಬೇಲಿಯತ್ತ ಮುಖ ಮಾಡಿದಳು. ಮೂವತ್ತಮೂರು ವರ್ಷ ಕಲ್ಲು ನೆಟ್ಟವನು ನಾನು, ಎರಡು ನಿಮಿಷ ಪಕ್ಕದವರ ಸೇಬಿನ ಮರವನ್ನು ನೋಡುತ್ತ ನಿಂತೆ. ಹಿಂದೆ ಮಣ್ಣಿನ ಬಿಲ್ಲೆಗಳು ಒಂದಕ್ಕೊಂದು ತಾಗಿದ ಸಣ್ಣ ಸದ್ದು ಕೇಳಿತು. ಎಷ್ಟು ಬಿಲ್ಲೆ ಎಂದು ಎಣಿಸಲು ಹೋಗಿ ಸುಮ್ಮನಾದೆ.