ನೆದರ್ಲೆಂಡ್ಸ್ ಶಾಲೆಗಳಲ್ಲಿ ಇಂಟರ್ನೆಟ್ ನಿಯಮಗಳು

ನೆದರ್ಲೆಂಡ್ಸಿನಲ್ಲಿ ವಿದ್ಯಾರ್ಥಿಗಳ ಇಂಟರ್ನೆಟ್ ಬಳಕೆಯ ನಿಯಮಗಳನ್ನು ಬಹುಮಟ್ಟಿಗೆ ಆಯಾ ಶಾಲೆಗಳೇ ರೂಪಿಸಿಕೊಂಡಿವೆ. ಸಂವಿಧಾನದ 23ನೆಯ ವಿಧಿ ಶಿಕ್ಷಣ ಸ್ವಾತಂತ್ರ್ಯವನ್ನು ಕಾಯುವುದರಿಂದ ಈ ವಿಷಯದಲ್ಲಿ ಸರ್ಕಾರ ಹೆಚ್ಚಾಗಿ ಗುರಿಯನ್ನು ಹೇಳಿ ದಾರಿಯನ್ನು ಶಾಲೆಗೇ ಬಿಟ್ಟಿದೆ.

ದೇಶಕ್ಕೆ ಇಂಟರ್ನೆಟ್ ಸಂಪರ್ಕ ಬಂದದ್ದು 1988ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಕೇಂದ್ರದ ಮೂಲಕ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳ ಬಗ್ಗೆ ದೂರು ಸ್ವೀಕರಿಸುವ ಕೇಂದ್ರ 1996ರಲ್ಲಿ ಆರಂಭವಾಯಿತು. ಶಾಲೆಗಳ ಡಿಜಿಟಲ್ ವ್ಯವಸ್ಥೆಗೆ ನೆರವಾಗಲು ಕೆನ್ನಿಸ್‌ನೆಟ್ ಸಂಸ್ಥೆ ಬಂತು. 2015ರ ಶಾಲಾ ಸುರಕ್ಷತಾ ಕಾಯ್ದೆ ವಿದ್ಯಾರ್ಥಿಗಳ ಸಾಮಾಜಿಕ ಸುರಕ್ಷತೆಯನ್ನು ಶಾಲೆಯ ಹೊಣೆಯಾಗಿಸಿತು. ಆನ್‌ಲೈನ್ ಪೀಡನೆಯೂ ಅದರ ವ್ಯಾಪ್ತಿಗೆ ಸೇರಿತು.

ನಿಜವಾದ ತಿರುವು ಕಂಡದ್ದು ದತ್ತಾಂಶದ ಪ್ರಶ್ನೆಯಲ್ಲಿ. ಅದುವರೆಗೆ ಮಗು ಪರದೆಯ ಮೇಲೆ ಏನು ನೋಡುತ್ತದೆ ಎಂಬುದೇ ಚಿಂತೆಯಾಗಿತ್ತು. ಪರದೆ ಮಗುವಿನ ಬಗ್ಗೆ ಏನು ದಾಖಲಿಸುತ್ತದೆ ಎಂದು ಕೇಳಿದವರು ಕಡಿಮೆ. ಪ್ರಾಥಮಿಕ ಶಾಲೆಗಳ ಮಕ್ಕಳು ಸ್ನ್ಯಾಪೆಟ್ ಕಂಪನಿಯ ಟ್ಯಾಬ್ಲೆಟ್‌ನಲ್ಲಿ ಲೆಕ್ಕ ಮಾಡುತ್ತಿದ್ದರು, ಅವರ ಉತ್ತರಗಳು ದಾಖಲಾಗುತ್ತಿದ್ದವು. ಈ ಮಾಹಿತಿಯ ಬಳಕೆ ಕಾನೂನಿಗೆ ವಿರುದ್ಧವಾಗಿತ್ತು ಎಂದು 2014ರಲ್ಲಿ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ ಹೇಳಿತು. ಮರುವರ್ಷ ಶಾಲಾ ಒಕ್ಕೂಟಗಳೂ ಪ್ರಕಾಶಕರೂ ಗೋಪ್ಯತಾ ಒಪ್ಪಂದಕ್ಕೆ ಬಂದರು: ಮಾಹಿತಿಯ ಮೇಲಿನ ಅಧಿಕಾರ ಶಾಲೆಯದು, ಕಂಪನಿ ಶಾಲೆ ಹೇಳಿದಂತೆ ಅದನ್ನು ನಿರ್ವಹಿಸಬೇಕು. 2021ರಲ್ಲಿ ಇದೇ ಪ್ರಶ್ನೆ ಗೂಗಲ್‌ನ ಶಾಲಾ ತಂತ್ರಾಂಶದ ವಿಷಯದಲ್ಲಿ ಎದ್ದಿತು. ಯಾರು, ಯಾವಾಗ, ಯಾವ ಸೇವೆಯನ್ನು ಬಳಸಿದರು ಎಂಬ ವಿವರಗಳು ಕಂಪನಿಯ ಹತೋಟಿಯಲ್ಲಿದ್ದವು. ಪ್ರಾಧಿಕಾರ ಎಚ್ಚರಿಸಿದ ಮೇಲೆ, ಸರ್ಫ್ ಮತ್ತು ಸಿವೊನ್ ಎಂಬ ಶಿಕ್ಷಣ ಕ್ಷೇತ್ರದ ಸಹಕಾರ ಸಂಸ್ಥೆಗಳೊಂದಿಗೆ ನಡೆದ ಮಾತುಕತೆಯಲ್ಲಿ ಗೂಗಲ್ ಷರತ್ತುಗಳನ್ನು ಬದಲಿಸಲು ಒಪ್ಪಿತು. ಬಿಡಿ ಶಾಲೆಯೊಂದು ಇಂಥ ಕಂಪನಿಯನ್ನು ಮಣಿಸುವುದು ಕಷ್ಟ. ಶಾಲೆಗಳ ಪರವಾಗಿ ಒಟ್ಟಾಗಿ ಚೌಕಾಸಿ ಮಾಡಿದ್ದೇ ಇಲ್ಲಿ ಫಲ ಕೊಟ್ಟಿತು.

ತರಗತಿಯ ಮೊಬೈಲ್ ನಿಷೇಧವನ್ನು ಅನೇಕ ವರದಿಗಳು ಕಾನೂನು ಎಂದು ಬರೆದಿವೆ. ಅದು ತಪ್ಪು. 2023ರ ಜುಲೈನಲ್ಲಿ ಪ್ರಕಟವಾದದ್ದು ಶಿಕ್ಷಣ ಸಚಿವಾಲಯ, ಶಾಲೆಗಳು ಮತ್ತು ಸಂಬಂಧಪಟ್ಟ ಸಂಘಟನೆಗಳ ನಡುವಿನ ರಾಷ್ಟ್ರೀಯ ಒಪ್ಪಂದ. ಅದು ಪ್ರೌಢಶಾಲೆಗಳಲ್ಲಿ 2024ರ ಜನವರಿ 1ರಿಂದ, ಪ್ರಾಥಮಿಕ ಶಾಲೆಗಳಲ್ಲಿ 2024-25ರ ಶೈಕ್ಷಣಿಕ ವರ್ಷದಿಂದ ಜಾರಿಗೆ ಬಂತು. ಪಾಠಕ್ಕೆ ಬೇಕಾದಾಗ ಮತ್ತು ವೈದ್ಯಕೀಯ ಕಾರಣಕ್ಕೆ ವಿನಾಯಿತಿಯಿದೆ. ಫೋನನ್ನು ಮನೆಯಲ್ಲೇ ಬಿಡಬೇಕೇ, ಲಾಕರಿನಲ್ಲಿ ಇಡಬೇಕೇ ಎಂಬುದು ಶಾಲೆಯ ತೀರ್ಮಾನ. 2025ರ ಸಮೀಕ್ಷೆಯಲ್ಲಿ ಸುಮಾರು ಮುಕ್ಕಾಲು ಪಾಲು ಪ್ರೌಢಶಾಲೆಗಳು ಮಕ್ಕಳ ಏಕಾಗ್ರತೆ ಹೆಚ್ಚಿದೆ ಎಂದವು. ಫಲಿತಾಂಶ ಸುಧಾರಿಸಿದೆ ಎಂದವು ಶೇ. 28 ಮಾತ್ರ. ಇವು ಶಾಲೆಗಳ ಅಭಿಪ್ರಾಯಗಳು, ಪರೀಕ್ಷೆಯಿಂದ ಅಳೆದ ಅಂಕಿಗಳಲ್ಲ.

15 ವರ್ಷದೊಳಗಿನ ಮಕ್ಕಳಿಗೆ ಸಾಮಾಜಿಕ ಜಾಲತಾಣ ಬೇಡ ಎಂದು 2025ರ ಜೂನ್‌ನಲ್ಲಿ ಸರ್ಕಾರ ಪಾಲಕರಿಗೆ ನೀಡಿದ್ದೂ ಸಲಹೆಯೇ. ಕಾನೂನಿನ ಬಲವಿರುವುದು ಸಮ್ಮತಿಯ ವಯಸ್ಸಿಗೆ: ಸಮ್ಮತಿಯ ಆಧಾರದ ಮೇಲೆ ಮಗುವಿನ ಮಾಹಿತಿ ಪಡೆಯುವ ಆನ್‌ಲೈನ್ ಸೇವೆಗಳಿಗೆ ನೆದರ್ಲೆಂಡ್ಸಿನಲ್ಲಿ 16 ವರ್ಷದವರೆಗೆ ಪಾಲಕರ ಒಪ್ಪಿಗೆ ಬೇಕು. ಭಾರತದ 2023ರ ಕಾಯ್ದೆಯಲ್ಲಿ ಈ ವಯಸ್ಸು 18.