ಬುಕಾನನ್ನನು ಕಂಡ ದುರ್ಗದ ಸೀಮೆ

ಹಿರಿಯೂರಿನಿಂದ ಮೂಡಣ ದಿಕ್ಕಿಗೆ ಧರ್ಮಪುರಕ್ಕೆ ಹೋಗುವ ದಾರಿಯಲ್ಲಿ ಪಯಣಿಗನು ಈಗ ಅಂಜತಕ್ಕದ್ದು ಬಿಸಿಲೊಂದಕ್ಕೆ. ಎರೆಯ ಹೊಲ, ನಡುನಡುವೆ ಕೆಂಪು ಮಣ್ಣಿನ ದಿಬ್ಬ, ಜಾಲಿಯ ನೆರಳಿನಲ್ಲಿ ಕುರಿಮಂದೆ, ಹಳೆಯ ಕೆರೆಯ ಏರಿ, ಗುಡಿಯ ಮುಂದೆ ಅಕ್ಷರ ಸವೆದ ಕಲ್ಲು. ಇಷ್ಟು ಶಾಂತವಾದ ನಾಡು ಒಂದು ಕಾಲದಲ್ಲಿ ಲಂಡನ್ ನಗರದ ಓದುಗರಿಗೆ ನಡುಕ ಹುಟ್ಟಿಸುವ ಹೆಸರಾಗಿತ್ತೆಂದರೆ ಕೇಳುವವರಿಗೆ ಸೋಜಿಗವಾದೀತು. ಆಂಗ್ಲೇಯರು ‘ಚಿಟಲ್‌ಡ್ರೂಗ್’ ಎಂದು ಉಚ್ಚರಿಸುತ್ತಿದ್ದ ಚಿತ್ರದುರ್ಗವು ಅವರ ಪಾಲಿಗೆ ಊರಾಗಿರಲಿಲ್ಲ, ಅದು ಸೆರೆಮನೆಯಾಗಿತ್ತು.

ಈ ಕೆಟ್ಟ ಹೆಸರು ಬಂದ ಬಗೆಯನ್ನು ಮೊದಲು ನೋಡತಕ್ಕದ್ದು. ೧೭೮೩ರಲ್ಲಿ ಜನರಲ್ ಮ್ಯಾಥ್ಯೂಸನು ಬಿದನೂರನ್ನು ಹಿಡಿದು, ಕೆಲವೇ ತಿಂಗಳಲ್ಲಿ ಟಿಪ್ಪುವಿಗೆ ಶರಣಾದನು. ಆಗ ಸೆರೆಸಿಕ್ಕವರಲ್ಲಿ ಕೆಲವರನ್ನು ಶ್ರೀರಂಗಪಟ್ಟಣಕ್ಕೂ ಕೆಲವರನ್ನು ಚಿತ್ರದುರ್ಗಕ್ಕೂ ಸಾಗಿಸಿದರು. ಬದುಕಿ ಹಿಂದಿರುಗಿದವರು ತಮ್ಮ ಸಂಕಟಗಳನ್ನು ಬರೆದು ಅಚ್ಚು ಹಾಕಿಸಿದರು. ಹೆನ್ರಿ ಓಕ್ಸನ ವೃತ್ತಾಂತ ೧೭೮೫ರಲ್ಲಿಯೂ, ಬ್ರಿಸ್ಟೋ ಎಂಬ ಸೈನಿಕನದು ೧೭೯೩ರಲ್ಲಿಯೂ, ಹತ್ತು ವರ್ಷ ಸೆರೆಯಲ್ಲಿದ್ದ ಸ್ಕರಿ ಎಂಬವನದು ೧೮೨೪ರಲ್ಲಿಯೂ ಪ್ರಕಟವಾದುವು. ಕೈಕೋಳ, ಬಲವಂತದ ಮತಾಂತರ, ವಿಷದ ಗುಮಾನಿ, ಅರೆಹೊಟ್ಟೆ: ಇವೇ ಆ ಪುಸ್ತಕಗಳ ವಿಷಯ. ಅವರು ಪಟ್ಟ ಕಷ್ಟ ಸುಳ್ಳೆಂದು ಹೇಳುವುದು ನ್ಯಾಯವಲ್ಲ. ಆದರೆ ಸೆರೆಮನೆಯ ಗೋಡೆಯೊಳಗಿಂದ ಕಂಡುದನ್ನು ಓದುಗರು ಇಡೀ ನಾಡಿನ ಚಿತ್ರವೆಂದು ತಿಳಿದರು.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಲಾಗದು. ೧೭೭೯ರಲ್ಲಿ ಹೈದರನು ಮದಕರಿ ನಾಯಕನಿಂದ ದುರ್ಗವನ್ನು ಕಿತ್ತುಕೊಂಡ ಮೇಲೆ, ಈ ಸೀಮೆಯ ಬೇಡರಲ್ಲಿ ಇಪ್ಪತ್ತು ಸಾವಿರ ಮಂದಿಯನ್ನು ಹೆಂಡಿರುಮಕ್ಕಳ ಸಹಿತ ಶ್ರೀರಂಗಪಟ್ಟಣದ ದ್ವೀಪಕ್ಕೆ ಒಯ್ದನೆಂದೂ, ಅವರ ಗಂಡುಮಕ್ಕಳನ್ನು ಚೇಲಾ ಪಡೆಗಳಲ್ಲಿ ಸೇರಿಸಿದನೆಂದೂ ವಿಲ್ಕ್ಸನು ಬರೆದಿದ್ದಾನೆ. ಬಿದನೂರಿನ ಸೆರೆಯಾಳುಗಳಿಗಿಂತ ಇವರ ಸಂಖ್ಯೆ ಎಷ್ಟೋ ಪಾಲು ಹೆಚ್ಚು. ಇವರಲ್ಲಿ ಒಬ್ಬನೂ ಪುಸ್ತಕ ಬರೆಯಲಿಲ್ಲ. ಪುಸ್ತಕ ಬರೆದ ಸೆರೆಯಾಳಿನ ದುಃಖ ಸಮುದ್ರ ದಾಟಿತು. ಬರೆಯದವನ ದುಃಖ ಅವನ ಹಟ್ಟಿಯ ಹಾಡಿನಲ್ಲಿಯೇ ಉಳಿಯಿತು. ಹೀಗಾಗಿ ಭಯಂಕರವೆನಿಸಿಕೊಂಡ ನಾಡಿನಲ್ಲಿ ಆ ಭಯವನ್ನು ಎಲ್ಲರಿಗಿಂತ ಹೆಚ್ಚಾಗಿ ಉಂಡವರು ನಾಡಿನವರೇ ಎಂಬುದು ಹೊರಗಿನವರಿಗೆ ತಿಳಿಯಲೇ ಇಲ್ಲ.

೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಅರಸುತನವು ಎಳೆಯ ಕೃಷ್ಣರಾಜ ಒಡೆಯರಿಗೂ, ಆಡಳಿತವು ಪೂರ್ಣಯ್ಯನವರಿಗೂ ಬಂದಿತು. ಆದರೂ ದಾರಿಗಳು ಒಡನೆಯೇ ನಿರ್ಭಯವಾಗಲಿಲ್ಲ. ಚನ್ನಗಿರಿಯ ಧೋಂಡಿಯಾ ವಾಘನು ಪಟ್ಟಣದ ಸೆರೆಯಿಂದ ಹೊರಬಿದ್ದು, ಕೆಲಸವಿಲ್ಲದ ಸಿಪಾಯಿಗಳನ್ನು ಕೂಡಿಸಿ ವಡ್ಡರಸನಂತೆ ಮೆರೆದನು. ಉಭಯಲೋಕಾಧೀಶ್ವರನೆಂದು ತನ್ನನ್ನು ಕರೆದುಕೊಂಡನು. ಆರ್ಥರ್ ವೆಲ್ಲೆಸ್ಲಿಯು ಅವನನ್ನು ಬೆನ್ನಟ್ಟಿ ಕೊಂದದ್ದು ೧೮೦೦ನೆಯ ಸೆಪ್ಟೆಂಬರ್ ೧೦ರಂದು. ಪಯಣಿಗರ ಸಂಗಡ ಸ್ನೇಹ ಬೆಳಸಿ ಕತ್ತು ಬಿಗಿದು ಕೊಲ್ಲುವ ಫಾಂಸಿಗಾರರ ಸುದ್ದಿಯನ್ನು ಆಂಗ್ಲೇಯರು ಸ್ಪಷ್ಟವಾಗಿ ಕೇಳಿದ್ದೂ ಈ ಕಾಲದಲ್ಲಿಯೇ. ಆದಕಾರಣ ನಾಡಿನ ಕುಖ್ಯಾತಿ ಬರಿಯ ಕಟ್ಟುಕಥೆಯಾಗಿರಲಿಲ್ಲ.

ಇಂಥ ಸಮಯದಲ್ಲಿ ಈ ಸೀಮೆಗೆ ಬಂದವನು ಫ್ರಾನ್ಸಿಸ್ ಬುಕಾನನ್. ೧೭೬೨ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎಡಿನ್‌ಬರೋ ವಿದ್ಯಾಪೀಠದಲ್ಲಿ ವೈದ್ಯವನ್ನು ಕಲಿತವನು. ಸಸ್ಯಶಾಸ್ತ್ರದಲ್ಲಿ ಬಹಳ ಆಸಕ್ತಿ. ಹೆದರಿಕೆಯ ನಾಡುಗಳಿಗೆ ಹೋಗುವುದು ಅವನಿಗೆ ಹೊಸದಲ್ಲ. ೧೭೯೫ರಲ್ಲಿ ಬ್ರಹ್ಮದೇಶದ ಆವಾ ಅರಸನಲ್ಲಿಗೆ ಹೋದ ರಾಯಭಾರದೊಡನೆ ವೈದ್ಯನಾಗಿ ಹೋಗಿದ್ದನು. ಮೈಸೂರಿನ ಪಯಣ ಮುಗಿದ ಬಳಿಕ ನೇಪಾಳಕ್ಕೂ ಹೋದನು. ೧೮೦೦ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯು ಅವನಿಗೆ ಕೊಟ್ಟ ಆಜ್ಞೆಯಲ್ಲಿ ಮೊದಲನೆಯ ಸ್ಥಾನ ವ್ಯವಸಾಯಕ್ಕೆ. ಪೈರು, ದನ, ನೀರಾವರಿ, ತರುವಾಯ ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ, ಆಮೇಲೆ ಗಣಿ, ಕೈಕಸುಬು, ಹವೆ, ಕಡೆಯಲ್ಲಿ ಜನ. ಈ ಕ್ರಮವನ್ನು ನೋಡಿದರೆ ಕಳುಹಿಸಿದವರ ಮನಸ್ಸು ತಿಳಿಯುತ್ತದೆ. ಹೊಸದಾಗಿ ಕೈಗೆ ಬಂದ ಹಸುವಿನ ಕೆಚ್ಚಲನ್ನು ಮುಟ್ಟಿನೋಡುವ ಕೆಲಸ ಅದು.

೧೮೦೦ನೆಯ ಏಪ್ರಿಲ್ ೨೩ರಂದು ಅವನು ಮದರಾಸಿನಿಂದ ಹೊರಟನು. ಆ ವರ್ಷ ಸಿರಾದವರೆಗೆ ಬಂದು, ದಕ್ಷಿಣಕ್ಕೆ ತಿರುಗಿ, ಕೊಯಮತ್ತೂರು ಮಲಬಾರುಗಳನ್ನು ಸುತ್ತಿ, ಕನ್ನಡ ಜಿಲ್ಲೆಯ ಕರಾವಳಿಯನ್ನು ಹಿಡಿದು, ಘಟ್ಟವನ್ನೇರಿ, ೧೮೦೧ರ ಬೇಸಗೆಯಲ್ಲಿ ನಗರದಿಂದ ಚಿತ್ರದುರ್ಗಕ್ಕೂ ಅಲ್ಲಿಂದ ಹಿರಿಯೂರಿಗೂ ಬಂದನು. ಅವನ ಪುಸ್ತಕದಲ್ಲಿ ಇವು ‘ಚತ್ರಕಲ್’, ‘ಹೆರಿಯೂರು’. ಈ ‘ಚತ್ರಕಲ್’ ಎಂಬುದನ್ನು ಕಂಡು ನಗಬೇಕಾದುದಿಲ್ಲ. ಊರ ಹೆಸರನ್ನು ಚಿತ್ರಕಲ್ಲು ಎಂದೂ ಛತ್ರಕಲ್ಲು ಎಂದೂ ಎರಡು ಬಗೆಯಾಗಿ ಹೇಳುವುದುಂಟು. ಅದಕ್ಕೂ ಹಿಂದಿನ ಶಾಸನಗಳಲ್ಲಿ ಬೆಮ್ಮತ್ತನಕಲ್ಲು ಎಂದಿದೆ. ಕಚೇರಿಯ ಕಾಗದದಲ್ಲಿದ್ದ ಚಿಟಲ್‌ಡ್ರೂಗನ್ನು ಬಿಟ್ಟು, ಎದುರಿಗಿದ್ದವರ ಬಾಯಿಂದ ಕೇಳಿದ್ದನ್ನು ಅವನ ಕಿವಿ ಹಿಡಿದಷ್ಟು ಹಿಡಿದು ಬರೆದಿದ್ದಾನೆ. ಅವನ ಗುಣವೂ ದೋಷವೂ ಈ ಒಂದು ಮಾತಿನಲ್ಲಿಯೇ ಕಾಣುತ್ತವೆ.

ಅವನು ಕೇಳದೆ ಬಿಟ್ಟ ಪ್ರಶ್ನೆ ಕಡಮೆ. ಒಂದು ಊರಿಗೆ ಬಂದರೆ ಮಣ್ಣು ಎಷ್ಟು ಬಗೆ. ಎರೆಗೆ ಯಾವ ಪೈರು, ಕೆಮ್ಮಣ್ಣಿಗೆ ಯಾವುದು. ರಾಗಿಯೊಡನೆ ಅವರೆಯನ್ನು ಹೇಗೆ ಅಕ್ಕಡಿ ಹಾಕುತ್ತಾರೆ. ಒಂದು ನೇಗಿಲಿಗೆ ಎಷ್ಟು ನೆಲ, ಎಷ್ಟು ಬೀಜ, ಎಷ್ಟು ಕಂದಾಯ. ಜೀತದಾಳಿಗೆ ವರ್ಷಕ್ಕೆ ಏನು ಕೊಡುತ್ತಾರೆ. ನೇಯ್ಗೆಯವನು ನೂಲನ್ನು ಎಲ್ಲಿ ಕೊಳ್ಳುತ್ತಾನೆ. ಬಳಿಕ ಒಂದೊಂದು ಜಾತಿಯವರನ್ನೂ ಕರೆದು, ನಿಮ್ಮ ಗುರು ಯಾರು, ದೇವರು ಯಾವುದು, ವಿಧವೆಗೆ ಮರುಮದುವೆಯುಂಟೆ, ಸತ್ತವರನ್ನು ಹೂಳುವಿರೋ ಸುಡುವಿರೋ ಎಂದು ವಿಚಾರಣೆ. ಈ ಬಯಲುಸೀಮೆಯ ಕಾಡುಗೊಲ್ಲರು ದನಕಾಯುವ ಬಗೆ, ಕುರುಬರ ಕುರಿ ಮತ್ತು ಕಂಬಳಿಯ ವಿಚಾರ ಅಂದು ಹೇಗಿತ್ತೆಂದು ತಿಳಿಯಬೇಕಾದರೆ ಇಂದಿಗೂ ಅವನ ದಿನಚರಿಯನ್ನೇ ನೋಡಬೇಕಾಗಿದೆ. ಅರಮನೆಯ ವೈಭವ, ಹುಲಿಬೇಟೆ, ನಾಟ್ಯಗಳನ್ನು ಬಣ್ಣಿಸುವ ಪ್ರವಾಸಿಗಳೇ ಹೆಚ್ಚಾಗಿದ್ದ ಕಾಲದಲ್ಲಿ ಗೊಬ್ಬರದ ತಿಪ್ಪೆಯ ಬಳಿ ನಿಂತು ಪುಟಗಟ್ಟಲೆ ಬರೆದವನು ಇವನು. ಓದುವವರಿಗೆ ಬೇಸರ ಬರುವುದೂ ನಿಜ.

ಹಿರಿಯೂರು ಆಗ ಹಾಳುಬಿದ್ದ ಊರು. ಹೈದರನಿಗೂ ಮರಾಟರಿಗೂ ನಡೆದ ಹೋರಾಟದಲ್ಲಿ ನೊಂದು, ಬರದಿಂದ ಬರಿದಾಗಿ, ಮತ್ತೆ ಹಿಂದಿನ ಸ್ಥಿತಿಗೆ ಬರಲಾರದೆ ಹೋಯಿತೆಂದು ಗ್ಯಾಸೆಟಿಯರು ಹೇಳುತ್ತದೆ. ೧೭೯೧-೯೨ರಲ್ಲಿ ಪರಶುರಾಮ ಭಾವುವಿನ ದಂಡು, ಕ್ಯಾಪ್ಟನ್ ಲಿಟಲ್ಲನ ಆಂಗ್ಲ ಪಡೆಯನ್ನು ಜೊತೆಗಿಟ್ಟುಕೊಂಡು ಈ ಸೀಮೆಗಳಲ್ಲಿ ಹಾದುಹೋಯಿತು. ಆ ಪಡೆಯಲ್ಲಿದ್ದ ಎಡ್ವರ್ಡ್ ಮೂರನು ೧೭೯೪ರಲ್ಲಿ ಅದರ ಕಥೆಯನ್ನು ಬರೆದನು. ದಂಡು ಬಂದ ದಾರಿಯಲ್ಲಿ ಮೇವು ನಿಲ್ಲದು, ಬೇಲಿ ನಿಲ್ಲದು, ಮನೆಯ ತೊಲೆಯೂ ಸೌದೆಯಾಗುತ್ತದೆ. ಬುಕಾನನ್ನನಿಗೆ ರೈತರು ಹೇಳಿದ ಅಳಲಿನಲ್ಲಿ ಟಿಪ್ಪುವಿನ ಅಮಲ್ದಾರರ ಕಾಟವೂ ಇತ್ತು. ಈ ದಂಡಿನ ಹಾವಳಿಯೂ ಇತ್ತು. ದಂಡಿನ ಹಿಂದೆ ಬಂದ ಹಸಿವೂ ಇತ್ತು. ಸುಲ್ತಾನನ ಕ್ರೌರ್ಯದಿಂದ ನಾಡನ್ನು ಬಿಡಿಸಿದೆವೆಂದು ಕಂಪೆನಿಯವರು ಸಾರುತ್ತಿದ್ದಾಗ, ಅವರ ಮಿತ್ರನ ದಂಡಿನಿಂದಲೇ ಹಲವು ಊರು ಹಾಳಾದುವೆಂಬುದನ್ನು ಅವರ ಸಂಬಳದ ನೌಕರನೇ ಬರೆದನು. ಇದಕ್ಕಾಗಿ ಅವನನ್ನು ಮೆಚ್ಚತಕ್ಕದ್ದು.

ಅದೇ ೧೭೯೧ರಲ್ಲಿ ಪರಶುರಾಮ ಭಾವುವಿನ ದಂಡಿಗೆ ಸೇರಿದ ಕೊಳ್ಳೆಗಾರರು ಶೃಂಗೇರಿಯ ಮಠವನ್ನು ಸೂರೆಮಾಡಿದ್ದೂ, ಶಾರದಾ ಪ್ರತಿಷ್ಠೆಗೆ ಬೇಕಾದ ದ್ರವ್ಯವನ್ನು ಟಿಪ್ಪುವು ಕಳುಹಿಸಿದ್ದೂ ಮಠದ ಕಡತಗಳಿಂದ ತಿಳಿದುಬಂದಿದೆ. ಆ ಪತ್ರಗಳನ್ನು ೧೯೧೬ರಲ್ಲಿ ಬೆಳಕಿಗೆ ತಂದವರು ರಾವ್‌ಬಹದ್ದೂರ್ ಆರ್. ನರಸಿಂಹಾಚಾರ್ಯರು. ಇದರಿಂದ ಟಿಪ್ಪುವು ಬೇರೆಡೆಗಳಲ್ಲಿ ಮಾಡಿದ ಕಾಠಿನ್ಯ ಇಲ್ಲದುದಾಗುವುದಿಲ್ಲ. ಒಂದು ನಾಡಿನ ಅಥವಾ ಒಬ್ಬ ಅರಸನ ಖ್ಯಾತಿಯನ್ನು ತೂಗುವವನು ಎರಡು ತಟ್ಟೆಗಳನ್ನೂ ಕೈಯಲ್ಲಿ ಹಿಡಿದಿರಬೇಕು.

ಹಿರಿಯೂರಿನಿಂದ ಬುಕಾನನ್ನನು ಪಡುವಲಿಗೆ ತಿರುಗಿ ಮತ್ತೋಡಿಗೆ ಹೋದನು. ಇಂದು ಹೊಸದುರ್ಗದ ತಾಲ್ಲೂಕಿಗೆ ಸೇರಿದ ಆ ಊರಿನಲ್ಲಿ ಬಳೆಯ ಕುಲುಮೆಗಳಿದ್ದುವು. ಕೆಲಸದವರು ಸವಳು ಮಣ್ಣನ್ನು ತಂದು ಅದರ ಕ್ಷಾರವನ್ನು ತೆಗೆದು, ಬಿಳಿಯ ಬೆಣಚುಕಲ್ಲನ್ನು ಪುಡಿಮಾಡಿ ಬೆರಸಿ, ಮಣ್ಣಿನ ಮೂಸೆಗಳಲ್ಲಿ ಕರಗಿಸಿ, ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣದ ಗಾಜನ್ನು ಮಾಡುತ್ತಿದ್ದರು. ಯಾವ ಲೋಹ ಬೆರೆತರೆ ಯಾವ ಬಣ್ಣ ಬರುವುದೆಂಬ ವಿದ್ಯೆ ಅವರಲ್ಲಿ ತಂದೆಯಿಂದ ಮಗನಿಗೆ ನಡೆದು ಬಂದುದು, ಓಲೆಯಲ್ಲಿ ಬರೆದುದಲ್ಲ. ಯುದ್ಧದ ಮೇಲೆ ಯುದ್ಧ ಬಂದು, ಊರ ಸುತ್ತಲಿನ ಹೊಲಗಳು ಬೀಳುಬಿದ್ದಿದ್ದಾಗಲೂ ಕುಲುಮೆ ಆರಿರಲಿಲ್ಲ. ದಂಡು ಬಂದರೂ ಬರ ಬಂದರೂ ಹೆಣ್ಣುಮಕ್ಕಳು ಬಳೆ ತೊಡಲೇಬೇಕಷ್ಟೆ. ಹೊರದೇಶದ ವೈದ್ಯನು ಆ ಕುಲುಮೆಯ ಮುಂದೆ ನಿಂತು, ದ್ರವ್ಯಗಳ ಪಾಲನ್ನೂ ಮೂಸೆಯ ಆಕಾರವನ್ನೂ ವಿವರವಾಗಿ ಕೇಳಿ ಬರೆದುಕೊಂಡನು. ಅವನು ಬರೆಯದೆ ಹೋಗಿದ್ದರೆ ಆ ಕಸುಬಿನ ಕ್ರಮದಲ್ಲಿ ಎಷ್ಟು ಉಳಿಯುತ್ತಿತ್ತೋ ಹೇಳಬರುವಂತಿಲ್ಲ. ಸಿರಾಕ್ಕೆ ದಕ್ಷಿಣದ ಚನ್ನರಾಯನದುರ್ಗದ ಸುತ್ತಿನಲ್ಲಿ ಉಕ್ಕು ಮಾಡುವುದನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುವುದನ್ನೂ ಅವನು ಇದೇ ರೀತಿ ಬರೆದಿಟ್ಟಿದ್ದಾನೆ. ವೀಣೆಯ ತಂತಿಗೆ ಗಿರಾಕಿಗಳಿದ್ದ ನಾಡನ್ನು ಬರಿಯ ಕೈಕೋಳದ ನಾಡೆಂದು ಕರೆದವರು ಈ ಪುಟಗಳನ್ನು ಓದಲಿಲ್ಲವೆಂದು ತೋರುತ್ತದೆ.

ಆದರೂ ಅವನ ಕಣ್ಣಿಗೂ ಪೊರೆಯಿತ್ತು. ನಾಡಿನ ಭಾಷೆಯನ್ನು ಅವನು ಬಲ್ಲವನಲ್ಲ. ಕೇಳಿದ್ದೂ ತಿಳಿದದ್ದೂ ದುಭಾಷಿಯ ಮುಖದಿಂದ. ಸರ್ಕಾರದ ಆಜ್ಞೆಯನ್ನು ಹಿಡಿದು, ಆಳುಕಾಳುಗಳೊಡನೆ ಬಂದ ದೊರೆಯು ‘ನಿನ್ನ ಹೊಲಕ್ಕೆ ಎಷ್ಟು ಬೆಳೆಯುತ್ತದೆ’ ಎಂದು ಕೇಳಿದರೆ ರೈತನು ನಿಜವನ್ನೇ ಹೇಳುವನೆಂದು ನಂಬುವುದು ಕಷ್ಟ. ಹೊಸ ಕಂದಾಯಕ್ಕೆ ಇದು ಪೀಠಿಕೆಯೆಂದೇ ಅವನು ತಿಳಿದಾನು. ಬುಕಾನನ್ನನಿಗೂ ಈ ಸಂದೇಹವಿತ್ತು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ಒರೆಹಚ್ಚಿ ನೋಡುತ್ತಾನೆ. ಬ್ರಾಹ್ಮಣರ ವಿಷಯ ಬಂದಾಗ ಮಾತ್ರ ಅವನ ಲೇಖನಿ ತಪ್ಪದೆ ಕಹಿಯಾಗುತ್ತದೆ. ಅವರ ಶಾಸ್ತ್ರಗಳನ್ನು ಓದದೆಯೇ ಅವೆಲ್ಲ ಮೋಸವೆಂದು ತೀರ್ಪು ಕೊಟ್ಟದ್ದು ವಿದ್ವಾಂಸನಿಗೆ ತಕ್ಕುದಲ್ಲ. ಕಚೇರಿಯ ಶಾನುಭೋಗರನ್ನು ಕುರಿತು ಬರೆದುದರಲ್ಲಿ ಕೆಲವು ಮಾತುಗಳನ್ನು ಒಪ್ಪದೆ ವಿಧಿಯಿಲ್ಲ.

ಅವನ ಕಾಲದಲ್ಲಿ ಈ ಸೀಮೆಯ ಪ್ರಾಚೀನತೆ ಮಣ್ಣಿನಲ್ಲಿಯೂ ಮರವೆಯಲ್ಲಿಯೂ ಹೂತುಹೋಗಿತ್ತು. ಚಿತ್ರದುರ್ಗದ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆಯ ಬರಹವಿತ್ತು. ನೆಲದಡಿಯಲ್ಲಿ ಶಾತವಾಹನರ ನಾಣ್ಯಗಳೂ, ರೋಮಾಪುರಿಯ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ಇದ್ದುವು. ಡಾಕ್ಟರ್ ಎಂ. ಎಚ್. ಕೃಷ್ಣರ ಅಗೆತದಿಂದ ಅವು ಹೊರಬೀಳಬೇಕಾದರೆ ಇನ್ನೂ ನೂರಿಪ್ಪತ್ತು ವರ್ಷಗಳಿಗೆ ಮಿಗಿಲಾಗಿ ಕಳೆಯಬೇಕಾಗಿತ್ತು. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿದ್ದ ಅಶೋಕನ ಶಾಸನವನ್ನು ರೈಸ್ ಸಾಹೇಬರು ಕಂಡುದು ೧೮೯೨ರಲ್ಲಿ. ಪರದೇಶಗಳೊಡನೆ ವ್ಯಾಪಾರ ನಡೆಸಿದ, ಧರ್ಮಲಿಪಿಯನ್ನು ಕಲ್ಲಿನಲ್ಲಿ ಓದಿದ ನಾಡಿನಲ್ಲಿ ತಾನು ನಡೆಯುತ್ತಿದ್ದೇನೆಂದು ಬುಕಾನನ್ನನಿಗೆ ತಿಳಿಯುವಂತಿರಲಿಲ್ಲ. ತಿಳಿಸಬಲ್ಲವರು ನಾಡಿನಲ್ಲಿಯೂ ಆಗ ಇರಲಿಲ್ಲ. ಕೆರೆಯ ಏರಿಯ ಮೇಲಿನ ಬರಹದ ಕಲ್ಲುಗಳಲ್ಲಿ ನಿಧಿಯ ಗುರುತು ಇದೆಯೆಂದು ನಂಬಿದವರೇ ಹೆಚ್ಚು. ಹಿರಿಯೂರಿನ ತೇರುಮಲ್ಲೇಶ್ವರನ ಗುಡಿಯ ಮೇಲ್ಚಾವಣಿಯಲ್ಲಿ ರಾಮಾಯಣದ ಕಥೆಯ ಬಣ್ಣದ ಚಿತ್ರಗಳಿವೆ. ಪೂಜೆಗೆ ಬಂದವರು ತಲೆಯೆತ್ತಿ ನೋಡುವುದೇ ಅಪೂರ್ವ.

ಧರ್ಮಪುರದ ಕಡೆಗೆ ಅವನ ದಾರಿ ಬರಲಿಲ್ಲ. ಅವನ ಗ್ರಂಥದ ಒಂದು ಅಧ್ಯಾಯ ಹಿರಿಯೂರಿನಲ್ಲಿ ಮುಗಿಯುತ್ತದೆ. ಮುಂದಿನದು ಅಲ್ಲಿಂದಲೇ ಹೊರಟು ಶ್ರೀರಂಗಪಟ್ಟಣಕ್ಕೆ ಸೇರುತ್ತದೆ. ಧರ್ಮಪುರವನ್ನು ದಾಟಿ ಇನ್ನು ಕೆಲವೇ ಹರದಾರಿ ನಡೆದಿದ್ದರೆ ಹೇಮಾವತಿ ಸಿಕ್ಕುತ್ತಿತ್ತು. ಅದು ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿಯ ಕರಿಯ ಕಲ್ಲಿನ ಕಂಬಗಳ ನುಣುಪನ್ನೂ ಬಳ್ಳಿಯ ಕೆತ್ತನೆಯನ್ನೂ ನೋಡಿದವರು ಮರೆಯಲಾರರು. ನಾಡನ್ನು ಗೆದ್ದು ಸೂರೆಮಾಡಿದ ಚೋಳರೂ ನೊಳಂಬವಾಡಿಯ ಕಂಬಗಳನ್ನು ಒಡೆಯದೆ, ಕಾವೇರಿಯ ದಡದ ತಿರುವೈಯಾರಿನವರೆಗೆ ಹೊತ್ತುಕೊಂಡು ಹೋಗಿ ದೇವಾಲಯದಲ್ಲಿ ನಿಲ್ಲಿಸಿಕೊಂಡರು. ಹೇಮಾವತಿಯ ಶಿಲ್ಪಗಳಲ್ಲಿ ಕೆಲವು ಈಗ ಮದರಾಸಿನ ವಸ್ತುಸಂಗ್ರಹಾಲಯದಲ್ಲಿವೆ. ಬುಕಾನನ್ನನು ೧೮೦೧ನೆಯ ಜುಲೈ ೬ರಂದು ಅದೇ ಮದರಾಸಿಗೆ ಹಿಂದಿರುಗಿದನು. ಅವನ ದಿನಚರಿ ಮೂರು ಸಂಪುಟಗಳಾಗಿ ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮತ್ತೋಡಿನ ಬಳೆಗಾರರು ಅದರಲ್ಲಿದ್ದಾರೆ. ಹೆಂಜೇರಿನ ಕಂಬಗಳು ಅದರಲ್ಲಿಲ್ಲ.