ಮದ್ರಾಸಿನಲ್ಲಿ ಕೈ ಬದಲಿಸಿದ ಟ್ರಾನ್ಸ್‌ಮಿಟರ್

ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ 1924ರಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿ ಅವರ ಮುತುವರ್ಜಿಯಿಂದ ಹುಟ್ಟಿತು. ಅದೇ ವರ್ಷ ಜುಲೈ 31ರಂದು 40 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್‌ನಿಂದ ಪ್ರಸಾರ ಶುರುವಾಯಿತು. ಮುಂದೆ 200 ವ್ಯಾಟ್‌ನ ಯಂತ್ರ ಬಂತು. 1927ರಲ್ಲಿ ಹಣದ ಮುಗ್ಗಟ್ಟಿನಿಂದ ಕ್ಲಬ್ ಮುಚ್ಚಿತು. ಯಂತ್ರ ಮಾತ್ರ ಗುಜರಿ ಸೇರಲಿಲ್ಲ, ಅದೇ ಪುಣ್ಯ. ಕ್ಲಬ್ಬು ಅದನ್ನು ನಗರದ ಕಾರ್ಪೊರೇಷನ್ನಿಗೆ ಒಪ್ಪಿಸಿತು. 1930ರ ಏಪ್ರಿಲ್ 1ರಿಂದ ಕಾರ್ಪೊರೇಷನ್ ನಿಯಮಿತ ಪ್ರಸಾರ ನಡೆಸಿತು.

ಸಣ್ಣ ಕೇಂದ್ರಕ್ಕೆ ದೊಡ್ಡ ಹೊರೆ ಟ್ರಾನ್ಸ್‌ಮಿಟರಿನದೇ; ಕಾರ್ಪೊರೇಷನ್ನಿಗೆ ಅದು ಕ್ಲಬ್ಬಿನಿಂದಲೇ ಸಿಕ್ಕಿತ್ತು. ಮುಂಬಯಿ, ಕಲ್ಕತ್ತಗಳಲ್ಲಿ 1.5 ಕಿಲೋವ್ಯಾಟ್‌ನ ಕೇಂದ್ರಗಳನ್ನು ಕಟ್ಟಿದ್ದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1930ರಲ್ಲೇ ದಿವಾಳಿಯಾಯಿತು. ಆದರೆ ಮದ್ರಾಸಿನ ಮಿತವ್ಯಯದ ಸೇವೆ 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೊ ಅಲ್ಲಿ ಕೇಂದ್ರ ತೆರೆಯುವವರೆಗೂ ಬಾಳಿತು.